ಮೊದಲ ನಿಖರ ರೈಫಲ್‌ಗೆ ಯಾವ ಕಾಡತೂಸು? ಮನೆಯಲ್ಲಿ ಮರುತುಂಬಲು ಸಾಧ್ಯವೇ?

ಪ್ರಶ್ನೆ: ಗದಗಿನ ಮುದ್ರಕ

ಎಲ್ಲರಿಗೂ ನಮಸ್ಕಾರ. ಗದಗಿನ ಮುದ್ರಣಾಲಯವೊಂದರಲ್ಲಿ ಹದಿನೈದು ವರ್ಷಗಳಿಂದ ಆಫ್‌ಸೆಟ್ ಯಂತ್ರ ನಡೆಸುತ್ತಿದ್ದೇನೆ. ಕಾಗದದ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆಯುವುದು, ನಾಲ್ಕು ಬಣ್ಣಗಳನ್ನು ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದಂತೆ ಕೂರಿಸುವುದು ನನ್ನ ದಿನನಿತ್ಯದ ಕೆಲಸ. ಒಂದು ವರ್ಷದಿಂದ ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದು, ಈಗ ಸ್ವಂತದ್ದೊಂದು ರೈಫಲ್ ಇರಲಿ ಎಂಬ ಆಸೆ ಹುಟ್ಟಿದೆ. ಹೊರದೇಶದವರ ಬರಹಗಳನ್ನು ಓದಿದಾಗಲೆಲ್ಲ 6.5 ಕ್ರೀಡ್‌ಮೋರ್ ಮತ್ತು .308 ವಿಂಚೆಸ್ಟರ್ ಎಂಬ ಎರಡು ಕಾಡತೂಸುಗಳ ಹೆಸರುಗಳೇ ಎದುರಾಗುತ್ತವೆ. ನಿಖರತೆ ಬೇಕಾದವನು ತನ್ನ ಕಾಡತೂಸನ್ನು ತಾನೇ ತುಂಬಿಕೊಳ್ಳಬೇಕು ಎಂಬ ಮಾತೂ ಜೊತೆಗೇ ಬರುತ್ತದೆ. ಒಮ್ಮೆ ಹಾರಿಸಿದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಮದ್ದನ್ನು ಹೊತ್ತಿಸುವ ಸಣ್ಣ ಬಟ್ಟಲು), ತೂಗಿದ ಮದ್ದು, ಹೊಸ ಗುಂಡು ಕೂರಿಸುವ ಆ ಕೆಲಸ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿದೆ. ಈ ಎರಡರಲ್ಲಿ ಯಾವುದು ಒಳ್ಳೆಯದು? ಮರುತುಂಬಲು ಮೊದಲು ಏನೇನು ಕೊಳ್ಳಬೇಕು? ಹಾನಗಲ್ ಕಡೆಯ ನಮ್ಮ ಹೊಲದ ಬೆಳೆ ಕಾಯಲೆಂದು ತಂದೆಯವರ ಹೆಸರಿನಲ್ಲಿ ಒಂಟಿ ನಳಿಗೆಯ ಬಂದೂಕಿನ ಪರವಾನಗಿ ಇದೆ; ಅದರಲ್ಲಿಯೇ ಈ ರೈಫಲನ್ನೂ ಸೇರಿಸಬಹುದೇ?

ಉತ್ತರ 1: ಹುಬ್ಬಳ್ಳಿಯ ನಿವೃತ್ತ ಟರ್ನರ್

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸೇರಿಸಲು ಬರುವುದಿಲ್ಲ. ತಂದೆಯವರ ಪರವಾನಗಿ ತಂದೆಯವರದು, ಬೆಳೆ ರಕ್ಷಣೆಯ ಉದ್ದೇಶ ಬೇರೆ, ಗುರಿ ಕ್ರೀಡೆಯ ಉದ್ದೇಶ ಬೇರೆ. ನೀವು ನಿಮ್ಮ ಹೆಸರಿನಲ್ಲಿಯೇ ಅರ್ಜಿ ಹಾಕಬೇಕು.

ಇನ್ನು .308ರ ವಿಚಾರ. ಅದು ಸೇನೆಯ 7.62×51 ಕಾಡತೂಸಿನ ಅಣ್ಣತಮ್ಮನಿದ್ದಂತೆ, ಹೊರ ಅಳತೆ ಬಹುತೇಕ ಒಂದೇ. ಸೇನೆಯ ಕ್ಯಾಲಿಬರ್‌ಗಳನ್ನು ನಮ್ಮಲ್ಲಿ ಸಾಮಾನ್ಯ ನಾಗರಿಕರ ಕೈಗೆ ಕೊಡುವುದಿಲ್ಲ; .303 ಸಿಗದ ಕಾರಣಕ್ಕೇ ನಮ್ಮ ಹಿರಿಯರೆಲ್ಲ .315 ಹಿಡಿದರು. ಹೊರದೇಶದ ರೈಫಲ್ ಆಮದು ಮಾಡಿಕೊಳ್ಳುವ ಅವಕಾಶವೂ ನಿಗದಿತ ಅರ್ಹತೆ ಗಳಿಸಿದ ಶೂಟರ್‌ಗಳಿಗೆ ಮಾತ್ರ ಇದೆ. ಮರುತುಂಬುವ ಮಾತಂತೂ ಇನ್ನೂ ಗಂಭೀರ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು; 2019ರ ತಿದ್ದುಪಡಿಯ ನಂತರ ಅದನ್ನು ಮೀರಿದವರಿಗೆ ಕನಿಷ್ಠ ಏಳು ವರ್ಷಗಳ ಸಜೆ ಇದೆ. ಮನೆಯ ಹಿತ್ತಿಲ ಕೋಣೆಯಲ್ಲಿ ಹವ್ಯಾಸಕ್ಕೆ ಮಾಡಿದೆ ಎಂದರೆ ಅದು ಸಬೂಬಾಗುವುದಿಲ್ಲ. ಲಿಖಿತ ಅನುಮತಿ ಕೈಗೆ ಬರುವವರೆಗೆ ಒಂದು ಪ್ರೈಮರನ್ನೂ ತರಿಸಬೇಡಿ.

ಹೀಗಾಗಿ ನಮ್ಮ ಕಡೆ ಮೊದಲ ನಿಖರ ರೈಫಲ್ ಎಂದರೆ ಸಣ್ಣ ಕಾಡತೂಸಿನ .22 ಎಲ್‌ಆರ್. ಅದನ್ನು ಕಡಿಮೆ ಎಂದುಕೊಳ್ಳಬೇಡಿ. 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ) ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯವರು, ಮೇಲಾಗಿ ರೈಲ್ವೆಯವರು (ನಾನೂ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದವನಾದ್ದರಿಂದ ಈ ಮಾತು ಹೇಳದೆ ಇರಲಾರೆ). ಅವರು ಹೊಡೆದದ್ದೂ ಇದೇ .22. ಆ ಗುರಿಹಲಗೆಯ ಹತ್ತರ ವೃತ್ತ ಕೇವಲ 10.4 ಮಿ.ಮೀ. ಅಗಲ. ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ, ಶಬ್ದಕ್ಕಿಂತ ತುಸು ನಿಧಾನವಾಗಿ ಹೋಗುತ್ತದೆ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಬೀಸಿದರೆ 50 ಮೀಟರ್ ಮುಟ್ಟುವುದರೊಳಗೆ ಎರಡು ಸೆಂ.ಮೀ.ಗೂ ಹೆಚ್ಚು ಸರಿದಿರುತ್ತದೆ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡುತ್ತ ಬೆಳೆದ ನಿಮಗೆ ಗಾಳಿ ಎಂದರೇನೆಂದು ನಾನು ಹೇಳಬೇಕಾಗಿಲ್ಲ.

ಈ .22ನ್ನು ಮರುತುಂಬಲು ಸಾಧ್ಯವೇ ಇಲ್ಲ ಎಂಬುದನ್ನೂ ತಿಳಿದಿರಿ. ಹಾರಿಸಿದ ಕೇಸನ್ನು ಬೆಳಕಿಗೆ ಹಿಡಿದು ನೋಡಿ, ಅಂಚಿನ ಮೇಲೆ ಸೂಜಿ ಬಡಿದ ಸಣ್ಣ ತಗ್ಗು ಕಾಣುತ್ತದೆ. ಹೊತ್ತಿಸುವ ಮಸಾಲೆ ಇರುವುದು ಆ ಮಡಚಿದ ಅಂಚಿನೊಳಗೇ. ಬಿಚ್ಚಿ ಬದಲಿಸಬಹುದಾದ ಪ್ರೈಮರ್ ಅದರಲ್ಲಿಲ್ಲ.

ಉತ್ತರ 2: ಹಾವೇರಿಯವ, ಈಗ ಟೆಕ್ಸಾಸ್

ಹಿರಿಯರು ಹೇಳಿದ್ದಕ್ಕೆ ನನ್ನ ಸಂಪೂರ್ಣ ಸಹಮತವಿದೆ. ಆದರೂ ನೀವು ಕೇಳಿದ ಹೋಲಿಕೆಗೆ ಉತ್ತರ ಸಿಗದೆ ಹೋಗಬಾರದೆಂದು ಬರೆಯುತ್ತಿದ್ದೇನೆ. ನಾನಿರುವಲ್ಲಿ ಮರುತುಂಬುವುದು ಕಾನೂನುಬದ್ಧ.

.308 ಮಾರುಕಟ್ಟೆಗೆ ಬಂದದ್ದು 1952ರಲ್ಲಿ, 6.5 ಕ್ರೀಡ್‌ಮೋರ್ 2007ರಲ್ಲಿ. ಎರಡನೆಯದನ್ನು ಹಾರ್ನಡಿ ಕಂಪನಿಯವರು ಗುರಿ ಸ್ಪರ್ಧೆಗೆಂದೇ ರೂಪಿಸಿದರು. 140 ಗ್ರೇನ್ (ಸುಮಾರು 9 ಗ್ರಾಂ) ತೂಕದ ಅದರ ಗುಂಡು ಉದ್ದವಾಗಿ, ಸಪೂರವಾಗಿ ಇರುವುದರಿಂದ ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, 175 ಗ್ರೇನಿನ .308 ಗುಂಡಿಗಿಂತ ದೂರದಲ್ಲಿ ಕಡಿಮೆ ಸರಿಯುತ್ತದೆ, ಕಡಿಮೆ ಇಳಿಯುತ್ತದೆ, ಭುಜಕ್ಕೆ ಕೊಡುವ ಒದೆತವೂ ಕಡಿಮೆ. ಆದರೆ ಅದರ ನಳಿಗೆ ಬೇಗ ಸವೆಯುತ್ತದೆ. ಎರಡು ಮೂರು ಸಾವಿರ ಗುಂಡುಗಳಿಗೆ ಅದರ ನಿಖರತೆ ಕುಗ್ಗತೊಡಗಿದರೆ, .308ರ ನಳಿಗೆ ಸಾಮಾನ್ಯವಾಗಿ ಐದು ಸಾವಿರದವರೆಗೆ ಬಾಳುತ್ತದೆ. 300 ಮೀಟರ್ ಒಳಗೇ ಹೊಡೆಯುವವನಿಗೆ ಈ ವಾದವೆಲ್ಲ ವ್ಯರ್ಥ ಎಂಬುದು ನನ್ನ ಅಭಿಪ್ರಾಯ, ಅಂಥವನು ಇನ್ನೂ ಚಿಕ್ಕ ಕಾಡತೂಸಿನ .223 ಕೊಂಡು, ಉಳಿದ ಹಣವನ್ನು ಅಭ್ಯಾಸಕ್ಕೆ ಸುರಿಯುವುದು ಮೇಲು.

ಸಾಮಾನಿನ ಪಟ್ಟಿ ದೊಡ್ಡದೇನಲ್ಲ: ಒಂದೊಂದೇ ಹಂತ ಮಾಡುವ ಗಟ್ಟಿ ಪ್ರೆಸ್, ಆ ಕಾಡತೂಸಿನ ಡೈಗಳು (ಹಿಗ್ಗಿದ ಕೇಸನ್ನು ಮತ್ತೆ ಅಳತೆಗೆ ತಂದು ಗುಂಡು ಕೂರಿಸುವ ಅಚ್ಚುಗಳು), ನಂಬಿಕಸ್ಥ ತಕ್ಕಡಿ, ಕ್ಯಾಲಿಪರ್, ಕೇಸಿನ ಕತ್ತು ಕತ್ತರಿಸುವ ಸಾಧನ, ತಯಾರಕರ ಕೈಪಿಡಿ. ಆದರೆ ಕೆಲಸ ಕಲಿಸುವುದು ತಪ್ಪುಗಳೇ. ಮೊದಲ ವಾರದಲ್ಲಿಯೇ ಜಿಡ್ಡು ಸರಿಯಾಗಿ ಸವರದೆ ಒಂದು ಕೇಸನ್ನು ಡೈಗೆ ನುಗ್ಗಿಸಿದೆ. ಸನ್ನೆ ಕೆಳಗೆ ಹೋಯಿತು, ಮೇಲೆ ಬರಲಿಲ್ಲ, ಬಲ ಹಾಕಿದಾಗ ಕೇಸಿನ ಅಂಚು ಕಿತ್ತುಬಂದು ಉಳಿದದ್ದು ಒಳಗೇ ಕೂತಿತು. ಅದು ನಗುವ ತಪ್ಪು. ಇನ್ನೊಂದು ನಗುವಂಥದ್ದಲ್ಲ. ಡೈಯನ್ನು ಅಗತ್ಯಕ್ಕಿಂತ ಕೆಳಗೆ ಇಳಿಸಿ, ಕೇಸಿನ ಭುಜವನ್ನು (ಕತ್ತಿನ ಕೆಳಗಿನ ಇಳಿಜಾರನ್ನು) ಪ್ರತಿ ಸಲವೂ ಹೆಚ್ಚಾಗಿ ಹಿಂದಕ್ಕೆ ತಳ್ಳುತ್ತಿದ್ದೆ. ಹಾರಿಸಿದಾಗಲೆಲ್ಲ ಹಿತ್ತಾಳೆ ಹಿಗ್ಗಿ, ಬುಡದಿಂದ ತುಸು ಮೇಲೆ ಬಳೆಯಂತೆ ಹೊಳೆಯುವ ಗೆರೆಯೊಂದು ಮೂಡಿತ್ತು. ಕಾಗದದ ಪಿನ್ನನ್ನು ನೆಟ್ಟಗೆ ಮಾಡಿ, ತುದಿ ಬಾಗಿಸಿ ಕೇಸಿನೊಳಗೆ ಎಳೆದರೆ ಆ ಜಾಗದಲ್ಲಿ ತಂತಿ ತಡೆಯುತ್ತಿತ್ತು. ಇನ್ನೊಂದು ಸಲ ಹಾರಿಸಿದ್ದರೆ ಕೇಸು ಎರಡು ತುಂಡಾಗಿ, ಬಿಸಿ ಅನಿಲ ನನ್ನ ಮುಖದತ್ತ ಬರಬಹುದಿತ್ತು. ಆ ಕಂತಿನ ಅರವತ್ತು ಕೇಸುಗಳನ್ನೂ ಜಜ್ಜಿ ಗುಜರಿಗೆ ಹಾಕಿದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಕಾನೂನಿನ ವಿಷಯದಲ್ಲಿ ಕಣ್ಣು ತೆರೆಯಿತು. ಆದರೆ .22ನ್ನು ಮರುತುಂಬಲು ಬರದಿದ್ದರೆ, ಕಾಡತೂಸಿನ ನಿಖರತೆಯ ಬಗ್ಗೆ ಶೂಟರ್ ಮಾಡಬಹುದಾದ ಕೆಲಸವೇ ಇಲ್ಲವೇ? ಪೆಟ್ಟಿಗೆಯಲ್ಲಿ ಬಂದದ್ದನ್ನು ಹಾರಿಸುವುದಷ್ಟೇ ಉಳಿಯುತ್ತದೆಯೇ?

ಉತ್ತರ 3: ಧಾರವಾಡದಿಂದ

ಮರುತುಂಬುವವರು ಪ್ರೆಸ್ಸಿನ ಮೇಲೆ ಮಾಡುವ ಕೆಲಸವನ್ನು .22ರವರು ಲಾಟ್ (ಒಂದೇ ಸಲ ತಯಾರಾದ ಕಂತು) ಆಯ್ಕೆಯಲ್ಲಿ ಮಾಡುತ್ತಾರೆ. ಒಂದೇ ಕಂಪನಿಯ, ಒಂದೇ ಹೆಸರಿನ, ಒಂದೇ ಬೆಲೆಯ ಎರಡು ಪೆಟ್ಟಿಗೆಗಳು ಲಾಟ್ ಸಂಖ್ಯೆ ಬೇರೆಯಾದರೆ ನಿಮ್ಮ ನಳಿಗೆಯಲ್ಲಿ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ನಿಮ್ಮ ಮುದ್ರಣಾಲಯದಲ್ಲಿ ಒಂದೇ ಗಿರಣಿಯ ಕಾಗದವಾದರೂ ರೀಮು ಬದಲಾದಾಗ ಶಾಯಿ ಬೇರೆಯಾಗಿ ಹೀರುವುದಿಲ್ಲವೇ, ಹಾಗೆಯೇ. ಗಾಳಿ ಇಲ್ಲದ ಬೆಳಗಿನಲ್ಲಿ ರೈಫಲನ್ನು ಆಸರೆಯ ಮೇಲಿಟ್ಟು, ಪ್ರತಿ ಲಾಟಿನಿಂದ ಹತ್ತು ಹತ್ತು ಗುಂಡುಗಳ ಗುಂಪನ್ನು 50 ಮೀಟರಿನಲ್ಲಿ ಹೊಡೆದು ಅಳೆಯಬೇಕು. ಮೂರು ಗುಂಡುಗಳ ಗುಂಪು ನೋಡಿ ಹಿಗ್ಗುವುದು ಮೋಸಹೋಗುವ ದಾರಿ. ಲಾಟ್ ಬದಲಿಸುವಾಗ ಮೊದಲು ಹಾರಿಸುವ ಹತ್ತಾರು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಏಕೆಂದರೆ ಸೀಸದ ಮೇಲಿನ ಜಿಡ್ಡು ನಳಿಗೆಯೊಳಗೆ ಹೊಸದಾಗಿ ಹರಡಿ ನೆಲೆಗೊಳ್ಳಬೇಕು. ಚೆನ್ನಾಗಿ ಬಂದ ಲಾಟನ್ನು ಪರವಾನಗಿಯ ಮಿತಿ ಮತ್ತು ಕಿಸೆ ಒಪ್ಪುವಷ್ಟು ಒಮ್ಮೆಲೇ ಕೊಂಡುಬಿಡಿ. ಕಾಡತೂಸು ತಯಾರಿಸುವ ಎಲೀ, ಲಪುವಾ ಕಂಪನಿಗಳವರು ಶೂಟರ್‌ಗಳ ರೈಫಲನ್ನೇ ತರಿಸಿಕೊಂಡು ಲಾಟ್ ಪರೀಕ್ಷಿಸುವ ವ್ಯವಸ್ಥೆ ಇಟ್ಟಿರುವುದು ಸುಮ್ಮನೆ ಅಲ್ಲ. ಕಾಡತೂಸುಗಳನ್ನು ಒಂದೊಂದಾಗಿ ತೂಗಿ ವಿಂಗಡಿಸುವವರೂ ಇದ್ದಾರೆ. ನಾನೂ ಒಂದು ಮಳೆಗಾಲವಿಡೀ ಮಾಡಿದ್ದೇನೆ, ಲಾಭ ಕಾಣಲಿಲ್ಲ.

ಆದರೂ ನಿಮ್ಮ ಮೊದಲ ಖರೀದಿ .22 ಆಗದಿರಲಿ ಎನ್ನುತ್ತೇನೆ. 2016ರ ನಿಯಮಗಳಂತೆ ನಳಿಗೆಯ ಒಳ ಅಳತೆ 4.5 ಮಿ.ಮೀ. ಮೀರದ, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಶಸ್ತ್ರ ಪರವಾನಗಿ ಬೇಕಿಲ್ಲ, ಸ್ಪರ್ಧೆಯ ರೈಫಲ್‌ನ ಶಕ್ತಿ 8 ಜೂಲ್ ಆಸುಪಾಸು ಮಾತ್ರ. .22 ಪರವಾನಗಿಯ ಅರ್ಜಿ ಅದರ ಪಾಡಿಗೆ ಅದು ಸಾಗಲಿ, ಅಲ್ಲಿಯವರೆಗೆ ಮನೆಯ ಪಡಸಾಲೆಯಲ್ಲೇ 10 ಮೀಟರ್ ಸಿಕ್ಕರೆ ದಿನವೂ ಹೊಡೆಯಬಹುದು. ಗುರಿಯ ಹಿಂದೆ ಬಾಗಿಲು ಕಿಟಕಿಗಳಿಲ್ಲದ ಗಟ್ಟಿ ಗೋಡೆ ಮತ್ತು ಪೆಲೆಟ್‌ಗಳನ್ನು (ಏರ್ ರೈಫಲ್‌ನ ಸೀಸದ ಗುಂಡುಗಳನ್ನು) ಹಿಡಿದಿಡುವ ಸರಿಯಾದ ಪೆಟ್ಟಿಗೆ ಮಾತ್ರ ಕಡ್ಡಾಯ. ಏರ್ ರೈಫಲ್ ಗುರಿಹಲಗೆಯ ಹತ್ತರ ಚುಕ್ಕೆ ಅರ್ಧ ಮಿ.ಮೀ.! ನಿಮ್ಮ ಅಳತೆಯ ಹಸಿವಿಗೆ ಅಲ್ಲಿ ಬೇಕಾದಷ್ಟು ಮೇವಿದೆ: ಪೆಲೆಟ್‌ಗಳು ತಲೆಯ ಅಳತೆಯಲ್ಲಿ 4.49, 4.50, 4.51 ಎಂದು ಬೇರೆ ಬೇರೆ ಡಬ್ಬಿಗಳಲ್ಲಿ ಬರುತ್ತವೆ, ನಿಮ್ಮ ನಳಿಗೆಗೆ ಯಾವುದು ಹೊಂದುತ್ತದೆಂದು ಹೊಡೆದೇ ತಿಳಿಯಬೇಕು.

ಹಳೆಯ ರೈಫಲ್ ಕೊಳ್ಳುವುದಾದರೆ ಗಾಳಿ ಸಿಲಿಂಡರಿನ ಮೇಲೆ ಕೊರೆದಿರುವ ದಿನಾಂಕವನ್ನು ಮೊದಲು ಓದಿ. ತಯಾರಕರು ಅದಕ್ಕೊಂದು ಆಯುಷ್ಯ ನಿಗದಿಪಡಿಸಿರುತ್ತಾರೆ, ಹಳೆಯವುಗಳಿಗೆ ಸಾಮಾನ್ಯವಾಗಿ ಹತ್ತು ವರ್ಷ. ನನಗೆ ಮಾರಿದವರು ರೈಫಲನ್ನು ಕನ್ನಡಿಯಂತೆ ಒರೆಸಿ ಕೊಟ್ಟಿದ್ದರು. ಸಿಲಿಂಡರಿನ ಅವಧಿ ಮುಗಿದು ಎರಡು ವರ್ಷವಾಗಿತ್ತು. ಸ್ಪರ್ಧೆಯ ಉಪಕರಣ ತಪಾಸಣೆಯ ಮೇಜಿನ ಮುಂದೆ ನಿಂತಾಗಲೇ ನನಗದು ಗೊತ್ತಾದದ್ದು.

ಪ್ರಶ್ನೆ ಕೇಳಿದವರಿಂದ

ನಾನು ನೋಡಿಟ್ಟಿದ್ದ ಹಳೆಯ ಏರ್ ರೈಫಲ್‌ನ ಮಾಲೀಕರಿಗೆ ಈಗಷ್ಟೇ ಫೋನ್ ಮಾಡಿ, ಸಿಲಿಂಡರಿನ ಫೋಟೋ ಕಳಿಸಲು ಕೇಳಿದ್ದೇನೆ. ದಿನಾಂಕ ಇರುವ ಬದಿಯನ್ನು ಬಿಟ್ಟು ಉಳಿದ ಮೂರೂ ಬದಿಗಳ ಫೋಟೋ ಬಂದಿದೆ.

ಉತ್ತರ 3: ಧಾರವಾಡದಿಂದ

ಹಾಗಾದರೆ ಆ ರೈಫಲ್ ಬೇಡ. ಭಾನುವಾರ ಹುಬ್ಬಳ್ಳಿಗೆ ಬರುವಾಗ ನಿಮ್ಮ ಮೈಕ್ರೋಮೀಟರ್ ತನ್ನಿ, ನನ್ನ ಬಳಿ ಮೂರೂ ಅಳತೆಯ ಪೆಲೆಟ್ ಡಬ್ಬಿಗಳಿವೆ.