ಸದಾಶಿವಗಡ: 71ರ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ದುರ್ಗದಬೈಲ್ ಹುಡುಗ ಕೇಳಿದ್ದು:

ನಮಸ್ಕಾರ. ಡಿಸೆಂಬರ್ ಕೊನೆ ವಾರ ಹುಬ್ಬಳ್ಳಿಯಿಂದ ಕಾರಿನಲ್ಲಿ ಕಾರವಾರಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಅಪ್ಪ. ಅಪ್ಪನಿಗೆ 71. ನಲವತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ನಿಂತು ಗಿರಾಕಿಗಳಿಗೆ ಥಾನು ಬಿಚ್ಚಿ ತೋರಿಸಿದ ಮನುಷ್ಯ. ಈಗ ಎಡ ಮೊಣಕಾಲು ನೋವು. ಕೇಳಿದರೆ ಏನೂ ಆಗಿಲ್ಲ ಅಂತಾರೆ.

ಅವರಿಗೆ ಸಮುದ್ರ ಬೇಡ, ಕೋಟೆ ಬೇಕು. ಚಿತ್ರದುರ್ಗ ಮೂರು ಸಲ ಆಗಿದೆ. ಈ ಸಲ ಕಾರವಾರದ ಪಕ್ಕ, ಕಾಳಿ ನದಿಯಾಚೆಯ ಸದಾಶಿವಗಡ ನೋಡಲೇಬೇಕು, ಅದು ಶಿವಾಜಿ ಕಟ್ಟಿಸಿದ ಕೋಟೆ ಎಂದು ಹಠ ಹಿಡಿದಿದ್ದಾರೆ. ನಾನು ನೆಟ್‌ನಲ್ಲಿ ಹುಡುಕಿದರೆ ಎಲ್ಲಾ ಕಡೆ ಸೇತುವೆಯ ಫೋಟೋ, ಸೂರ್ಯಾಸ್ತದ ಫೋಟೋ. ಕೋಟೆಯದ್ದು ಒಂದೂ ಸರಿಯಾಗಿಲ್ಲ. ಅಲ್ಲಿ ನಿಜಕ್ಕೂ ಕೋಟೆ ಇದೆಯಾ? ಎಷ್ಟು ಹತ್ತಬೇಕು? ಕಾಳಿ ಸೇತುವೆ ಬಿತ್ತಲ್ಲ, ಈಗ ಆ ಕಡೆ ದಾಟಬಹುದಾ?

ಘಟ್ಟದ ಕೆಳಗಿನವ:

ಏನೂ ಇಲ್ಲ ಅಲ್ಲಿ. ನಾಲ್ಕು ಗೋಡೆ, ಉಳಿದಿದ್ದೆಲ್ಲ ಮುಳ್ಳು. ಕೋಟೆ ನೋಡುವ ಆಸೆ ಇದ್ದರೆ ಕುಮಟಾ ಹತ್ತಿರದ ಮಿರ್ಜಾನ್‌ಗೆ ಹೋಗಿ. ಹೆದ್ದಾರಿ ಪಕ್ಕದಲ್ಲೇ ಇದೆ, ಹತ್ತುವ ಕಷ್ಟವೂ ಕಡಿಮೆ. ಮಗಳಿಗೂ ಖುಷಿ ಆಗುತ್ತದೆ.

ಕೋಡಿಬಾಗದವ:

ಮೇಲಿನವರು ಹೇಳಿದ್ದು ಅರ್ಧ ನಿಜ. ಮಿರ್ಜಾನ್ ಹಾಗೆ ಬುರುಜು, ಕಂದಕ, ಬಾವಿ ಎಲ್ಲ ಎದ್ದು ಕಾಣುವ ಕೋಟೆ ಇದಲ್ಲ. ನಾನು ಹುಟ್ಟಿ ಬೆಳೆದದ್ದು ಕಾಳಿಯ ಈಚೆ ದಂಡೆಯ ಕೋಡಿಬಾಗದಲ್ಲಿ. ಶಾಲೆಗೆ ಹೋಗುವಾಗ, ಬರುವಾಗ ಆ ಗುಡ್ಡ ಕಣ್ಣೆದುರೇ ಇರುತ್ತಿತ್ತು. ಆದರೂ ಅದರ ಮೇಲೆ ಕೋಟೆ ಇದೆ ಎಂದು ನನಗೆ ಗೊತ್ತಾಗಿದ್ದು ಏಳನೇ ಕ್ಲಾಸಿನಲ್ಲಿ. ಅಷ್ಟು ಚೆನ್ನಾಗಿ ಅಡಗಿಕೊಂಡಿದೆ ಅದು!

ಮೊದಲು ಸೇತುವೆ ವಿಷಯ. 2024ರ ಆಗಸ್ಟ್ 7ರ ನಡುರಾತ್ರಿ ಬಿದ್ದದ್ದು ಹಳೇ ಸೇತುವೆ. ಒಂದು ಲಾರಿ ನದಿಗೆ ಬಿತ್ತು, ಡ್ರೈವರ್ ಬದುಕಿದ. ಪಕ್ಕದಲ್ಲೇ ಹೊಸ ಸೇತುವೆ ಇದೆಯಲ್ಲ, ಆಮೇಲೆ ಎರಡೂ ಕಡೆಯ ವಾಹನಗಳನ್ನು ಅದರ ಮೇಲೇ ಬಿಟ್ಟರು. ದಾಟುವುದಕ್ಕೆ ತೊಂದರೆ ಇಲ್ಲ. ಸೇತುವೆ ಮುಗಿದ ಕೂಡಲೇ ರಸ್ತೆ ಗುಡ್ಡವನ್ನು ಸೀಳಿಕೊಂಡು ಹೋಗುತ್ತದೆ. ಹೆದ್ದಾರಿಗಾಗಿ ಕಡಿದದ್ದು. ಅಲ್ಲಿ ಕಾರಿನ ಕಿಟಕಿ ಇಳಿಸಿ, ಕಡಿದ ಬಂಡೆಯನ್ನು ಅಪ್ಪನಿಗೆ ತೋರಿಸಿ. ಕೋಟೆಯ ಗುಡ್ಡ ಅದೇ. ಗೋವಾಕ್ಕೆ ಹೋಗುವವರೆಲ್ಲ ಅದರ ಹೊಟ್ಟೆಯೊಳಗಿಂದಲೇ ಹೋಗುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಶಿವಾಜಿ. ಅಪ್ಪನ ಜೊತೆ ಜಗಳ ಬೇಡ. ಆದರೆ ಕಟ್ಟಿಸಿದ್ದು ಶಿವಾಜಿ ಅಲ್ಲ, ಶಿರಸಿ ಹತ್ತಿರದ ಸೋದೆಯ ಅರಸ ಬಸವಲಿಂಗ. ತನ್ನ ತಂದೆ ಸದಾಶಿವನ ಹೆಸರಿಟ್ಟ. ಅದು 1715ರ ಹೊತ್ತು. ಶಿವಾಜಿ ತೀರಿಕೊಂಡಿದ್ದು 1680ರಲ್ಲಿ. ಹಾಗಂತ ಶಿವಾಜಿಗೂ ಕಾರವಾರಕ್ಕೂ ಸಂಬಂಧವೇ ಇಲ್ಲ ಅಂತಲ್ಲ. 1665ರಲ್ಲಿ ಇಲ್ಲಿಗೆ ಬಂದು ಇಂಗ್ಲಿಷ್ ವ್ಯಾಪಾರಿಗಳಿಂದ 112 ಪೌಂಡ್ ವಸೂಲಿ ಮಾಡಿಕೊಂಡು ಹೋಗಿದ್ದ. ಇನ್ನೊಂದು ತಮಾಷೆ ಇದೆ. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದರು. ಟಾಗೋರರು 1883ರಲ್ಲಿ ಬಂದು ಅವರ ಮನೆಯಲ್ಲಿ ಉಳಿದಿದ್ದರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಗೆ ಹೋಗಿ, ಶಿವಾಜಿಯ ಹಳೇ ಗುಡ್ಡದ ಕೋಟೆ ಹತ್ತಿರ ಇಳಿದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅದು ಸದಾಶಿವಗಡವೇ ಎಂದು ನಮ್ಮೂರವರ ನಂಬಿಕೆ. ಹಾಗಾಗಿ ನಿಮ್ಮ ಅಪ್ಪನ ಪಾರ್ಟಿಯಲ್ಲಿ ನೊಬೆಲ್ ಸಿಕ್ಕವರೇ ಇದ್ದಾರೆ, ಹುಷಾರು.

ಬಟ್ಟೆ ಅಂಗಡಿ ಅಂದಿರಲ್ಲ, ಅದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದು. ಇಂಗ್ಲಿಷರು 1638ರಲ್ಲಿ ಕಾಳಿ ದಂಡೆಯ ಕಡವಾಡದಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ ಹಾಕಿದರು. ಕಾರವಾರ ಎಂಬ ಹೆಸರು ಬಂದಿದ್ದೂ ಕಡವಾಡದಿಂದಲೇ. ಕೋಠಿ ಹಾಕಿದ್ದು ಮೆಣಸಿಗೆ, ಅದಕ್ಕಿಂತ ಜಾಸ್ತಿ ಮಸ್ಲಿನ್ ಬಟ್ಟೆಗೆ. ಆ ಬಟ್ಟೆ ಬರುತ್ತಿದ್ದದ್ದು ಎಲ್ಲಿಂದ? ನಿಮ್ಮ ಹುಬ್ಬಳ್ಳಿ ಸೀಮೆಯ ನೇಕಾರರಿಂದ. ಘಟ್ಟ ಇಳಿದು ಇಲ್ಲಿಗೆ ಬಂದು ಹಡಗು ಹತ್ತುತ್ತಿತ್ತು. ನೀವು ಅರಬೈಲ್ ಘಟ್ಟ ಇಳಿಯುವಾಗ ಅಪ್ಪನಿಗೆ ಹೇಳಿ, ನಿಮ್ಮ ಧಂದೆಯವರು ಮುನ್ನೂರು ವರ್ಷದ ಹಿಂದೆಯೂ ಈ ಘಟ್ಟಗಳನ್ನು ಇಳಿಯುತ್ತಿದ್ದರು ಅಂತ.

ಈಗ ಯೋಚನೆ ಮಾಡಿ. ಕೋಠಿ ಇರುವುದು ನದಿಯ ಒಳಗೆ. ಸಮುದ್ರಕ್ಕೆ ಹೋಗಬೇಕಾದರೆ ಕಾಳಿಯ ಬಾಯಿ ದಾಟಲೇಬೇಕು. ಸೋದೆಯ ಅರಸ ಕಾರವಾರದ ಹಳೇ ಕೋಟೆ ಕೆಡವಿ, ಸರಿಯಾಗಿ ಆ ಬಾಯಿಯ ಮೇಲೆ ಹೊಸ ಕೋಟೆ ಎಬ್ಬಿಸಿದ. ಗುಡ್ಡ ಎತ್ತರ ಅಂದರೆ ಸುಮಾರು 200 ಅಡಿ ಅಷ್ಟೇ, ಆದರೆ ಯಾವ ದೋಣಿಯೂ ಕಣ್ಣು ತಪ್ಪಿಸಿ ಹೋಗುವ ಹಾಗಿಲ್ಲ. ಇಂಗ್ಲಿಷರಿಗೆ ನಿದ್ದೆ ಹತ್ತಲಿಲ್ಲ. 1720ರಲ್ಲಿ ಅಂಗಡಿ ಮುಚ್ಚಿದರು. 1750ರಲ್ಲಿ ಮತ್ತೆ ಬಂದರು. ಎರಡೇ ವರ್ಷಕ್ಕೆ ಪೋರ್ಚುಗೀಸರ ಹಡಗುಗಳು ಬಂದು ಇದೇ ಕೋಟೆ ಹಿಡಿದವು, ವ್ಯಾಪಾರವೆಲ್ಲ ನಮ್ಮದೇ ಎಂದವು. ಇಂಗ್ಲಿಷರು ಪುನಃ ಗಂಟುಮೂಟೆ ಕಟ್ಟಿದರು. 1763ರಲ್ಲಿ ಹೈದರಾಲಿಯ ಸೈನ್ಯ ಬಂತು, ಸೋದೆಯ ಅರಸರು ಗೋವಾ ಸೇರಿಕೊಂಡರು. ಇಷ್ಟು ಸಣ್ಣ ಗುಡ್ಡಕ್ಕೆ ಇಷ್ಟು ಜನ ಹೊಡೆದಾಡಿದ್ದು ಯಾಕೆ ಅನ್ನುವುದು ಮೇಲೆ ನಿಂತಾಗ ಮಾತ್ರ ತಿಳಿಯುತ್ತದೆ. ಗೋಡೆ ನೋಡುವುದಕ್ಕೆ ಹೋದವರು ಬೈದುಕೊಂಡು ಇಳಿಯುತ್ತಾರೆ.

ನಾನು ಹೋದ ಜನವರಿಯಲ್ಲಿ ಮಗನ ಜೊತೆ ಹತ್ತಿದ್ದೆ. ಸುಮ್ನೆ ಚಡ್ಡಿ ಹಾಕಿಕೊಂಡು ಹೋಗಿ ಎರಡೂ ಕಾಲು ಗೀಚಿಸಿಕೊಂಡು ಬಂದೆ. ಪ್ಯಾಂಟು, ಶೂ ಇರಲಿ. ಗೋಡೆಯ ಕಲ್ಲುಗಳ ಸಂದಿಯಲ್ಲಿ ಬೇರು ಇಳಿದಿದೆ. ಕೆಲವು ಕಡೆ ಬೇರು ಗೋಡೆಯನ್ನು ಹಿಡಿದುಕೊಂಡಿದೆಯೋ, ಗೋಡೆ ಬೇರನ್ನು ಹಿಡಿದುಕೊಂಡಿದೆಯೋ ಹೇಳುವುದು ಕಷ್ಟ. ಆಮೇಲೆ ಮರಗಳ ನಡುವೆ ಒಂದು ಕಡೆ ತೆರಪು ಸಿಕ್ಕಿತು. ಪಶ್ಚಿಮಕ್ಕೆ ದೇವಬಾಗದ ಗಾಳಿಮರಗಳು, ಅದರಾಚೆ ನೀರಿನಲ್ಲಿ ಆಮೆಯ ಬೆನ್ನಿನಂತೆ ಕೂರ್ಮಗಡ ದ್ವೀಪ. ಕೆಳಗೆ ನದಿ ಕಂದು, ಸಮುದ್ರ ನೀಲಿ, ಎರಡರ ನಡುವೆ ಗೆರೆ ಎಳೆದ ಹಾಗೆ. ಒಂದು ಸಣ್ಣ ಮೀನಿನ ದೋಣಿ ಒಳಗೆ ಬರುತ್ತಿತ್ತು. ಮಗ ಕೈಯನ್ನು ಬಂದೂಕು ಮಾಡಿ ಗುರಿ ಇಟ್ಟ. ಇನ್ನೂರು ಪುಟ ಓದಿ ನನಗೆ ತಿಳಿದದ್ದು ಅವನಿಗೆ ಒಂದು ನಿಮಿಷದಲ್ಲಿ ತಿಳಿದಿತ್ತು.

ಮೊಣಕಾಲಿಗೆ: ಬೆಳಗ್ಗೆ ಎಂಟಕ್ಕೆ ಮೊದಲೇ ಹೋಗಿ. ಕೋಲು ಇರಲಿ. ಹತ್ತುವಾಗ ಅಲ್ಲ, ಇಳಿಯುವಾಗ ಕೈ ಹಿಡಿಯಿರಿ.

ಬಳಚು ಸುಕ್ಕ:

ಕೋಡಿಬಾಗದವರು ಇತಿಹಾಸ ಶುರು ಮಾಡಿದರೆ ಊಟದ ಹೊತ್ತು ಮರೆಯುತ್ತಾರೆ. ನಾನು ಮೂರೇ ಮಾತು ಹೇಳುತ್ತೇನೆ. ಗುಡ್ಡದಲ್ಲಿ ದುರ್ಗಾದೇವಿ ಗುಡಿ ಇದೆ, ಸದಾಶಿವಗಡದಲ್ಲೇ ಹಳೇ ದರ್ಗಾ ಇದೆ. ಅಪ್ಪನಿಗೆ ಆಗದಿದ್ದರೆ ಗುಡಿ ಹತ್ತಿರ ನೆರಳಿನಲ್ಲಿ ಕೂರಿಸಿ ನೀವು ಹೋಗಿಬನ್ನಿ. ನಮ್ಮ ಅತ್ತೆಯನ್ನು ಹಾಗೇ ಮಾಡಿದ್ದೆ, ಬರುವಷ್ಟರಲ್ಲಿ ಅವರು ಅಲ್ಲಿದ್ದವರ ಜೊತೆ ಅರ್ಧ ಸಂಬಂಧ ಕುದುರಿಸಿಬಿಟ್ಟಿದ್ದರು. ಎರಡು, ನೀರು ಕೆಳಗಿನಿಂದಲೇ ಒಯ್ಯಿರಿ. ಮೂರು, ಮೀನು ತಿನ್ನುವವರಾದರೆ ಕಾಳಿಯ ಬಳಚು (ಚಿಪ್ಪುಮೀನು) ತಿನ್ನದೆ ಹೋಗಬೇಡಿ. ನಾವು ತಿಸರ್ಯೋ ಅಂತೀವಿ. ತಿನ್ನದವರಾದರೆ ಪಾಪ, ಏನು ಮಾಡೋಕಾಗುತ್ತೆ.

ದುರ್ಗದಬೈಲ್ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಹೋಗಿ ಬಂದೆವು. ತಿನ್ನದವರು ನಾವು, ಪಾಪವೇ.

ಅಪ್ಪ ಪೂರ್ತಿ ಹತ್ತಿದರು. ಐದು ಕಡೆ ಕೂತರು. ಪ್ರತಿ ಸಲವೂ "ಮಗುಗ ದಣಿವಾಗ್ಯದ" ಎಂದು ಮಗಳ ಮೇಲೆ ಹಾಕಿದರು. ಅವಳು ಆಗಲೇ ಎಷ್ಟೋ ಮೇಲಿದ್ದಳು. ಇಳಿಯುವಾಗ ಮಾತ್ರ ನನ್ನ ಭುಜ ಬಿಡಲಿಲ್ಲ. ರಾತ್ರಿ ಲಾಡ್ಜಿನಲ್ಲಿ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದರು, ಆದರೂ ಏನೂ ಆಗಿಲ್ಲ.

1715ರ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಕೆಡವಿದ ಹಳೇ ಕ್ವಾಟಿ ಶಿವಾಜಿದು ಇರಬೇಕು" ಅಂದರು. ಬಿಟ್ಟುಬಿಟ್ಟೆ. ಮಸ್ಲಿನ್ ವಿಷಯ ಹೇಳಿದ ಮೇಲೆ ಕೋಟೆ, ಶಿವಾಜಿ ಎರಡೂ ಮರೆತುಹೋದವು. ಮೇಲೆ ಆ ತೆರಪಿನಲ್ಲಿ ನಿಂತು ನದಿ ನೋಡುತ್ತಾ, ಮಳೆಗಾಲದಲ್ಲಿ ಥಾನು ನೆನೆಯದ ಹಾಗೆ ಘಟ್ಟ ಹೇಗೆ ಇಳಿಸುತ್ತಿದ್ದರು, ಉದ್ದರಿ ಕೊಡುತ್ತಿದ್ದರಾ ಎಂದೆಲ್ಲ ನನ್ನನ್ನು ಕೇಳಿದರು, ನಾನೇ ಆ ಕಾಲದವನು ಅನ್ನುವ ಹಾಗೆ.

ಊರಿಗೆ ಬಂದು ಎರಡು ವಾರವಾಯಿತು. ಈಗಲೂ ಊಟಕ್ಕೆ ಕೂತಾಗ ಒಂದೇ ಪ್ರಶ್ನೆ: "ಗಜಕ್ಕ ಎಷ್ಟಿತ್ತಂತ?" ಕೋಡಿಬಾಗದವರೇ, ಗೊತ್ತಿದ್ದರೆ ಬೇಗ ಹೇಳಿ.