ನೋಡದ ಕೆಲಸಕ್ಕೆ ಸಹಿ ಹಾಕಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ತಾನೇ ನೋಡಿದೆ. ತಪಾಸಣೆಯೇ ಆಗದ ಯಂತ್ರಕ್ಕೆ ಆಗಿದೆ ಅಂತ ಕಳೆದ ತಿಂಗಳ ತಾರೀಕು ಹಾಕಿ ಸಹಿ ಮಾಡು ಅಂತ ನಿಮ್ಮ ಮ್ಯಾನೇಜರ್ ಹೇಳುತ್ತಿದ್ದಾರೆ, ಆಡಿಟ್ ಹತ್ತಿರ ಬಂತು, ಏನು ಮಾಡಲಿ ದೊಡ್ಡಪ್ಪಾ ಅಂತ ಕೇಳಿದ್ದೀಯ. ಅದರ ಕೆಳಗೆ ನಿಮ್ಮಣ್ಣ "ಎಲ್ಲ ಕಡೆ ಹೀಗೇ, ಹಾಕಿಬಿಡು" ಅಂತ ಬರೆದಿದ್ದಾನೆ. ಅವನು ಬುದ್ಧಿವಂತ, ನಿನ್ನ ಮೇಲೆ ಪ್ರೀತಿ ಇದೆ, ಎಲ್ಲ ಸರಿ. ಈ ವಿಷಯದಲ್ಲಿ ಮಾತ್ರ ಅವನ ಮಾತು ಕೇಳಬೇಡ. ನೋಡದ ಕೆಲಸಕ್ಕೆ ಸಹಿ ಹಾಕಬೇಡ.

ನಾನು ಕ್ವಾಲಿಟಿ ಸೆಕ್ಷನ್‌ನಲ್ಲಿ ಇದ್ದದ್ದು ನಿಮಗೆಲ್ಲ ಗೊತ್ತೇ ಇದೆ. ಒತ್ತಡದ ಟ್ಯಾಂಕ್‌ಗಳನ್ನು ಪರೀಕ್ಷೆ ಮಾಡುವ ಕೆಲಸ. ಒಳಗೆ ಗಾಳಿ ಉಳಿಯದ ಹಾಗೆ ನೀರು ತುಂಬಿ, ಅದು ದಿನಾ ತಡೆಯಬೇಕಾದ ಒತ್ತಡಕ್ಕಿಂತ ಜಾಸ್ತಿ ಏರಿಸಿ, ಹಾಗೇ ನಿಲ್ಲಿಸಿ, ಟಾರ್ಚ್ ಹಿಡಿದು ಒಂದೊಂದು ವೆಲ್ಡಿಂಗ್ ಜೋಡಣೆಯನ್ನೂ ನೋಡುತ್ತಾ ಹೋಗಬೇಕು. ಗಾಳಿಯನ್ನೇ ತುಂಬಿಸಿ ನೋಡುವುದಕ್ಕೆ ಹೋದರೆ, ಟ್ಯಾಂಕ್ ಒಡೆದಾಗ ಬಾಂಬ್ ಥರ ಸಿಡಿಯುತ್ತದೆ. ನೀರಾದರೆ ಸಣ್ಣ ಸೋರಿಕೆ ಆದ ಕೂಡಲೇ ಒತ್ತಡ ಇಳಿದುಬಿಡುತ್ತದೆ. ನಿಧಾನದ ಕೆಲಸ. ಅವಸರ ಮಾಡಿದರೆ ಆಗುವುದಿಲ್ಲ.

ನಮ್ಮ ಸೆಕ್ಷನ್‌ನಲ್ಲಿ ಒಬ್ಬ ಹುಡುಗ ಇದ್ದ. ಒಳ್ಳೆಯವನು, ಯಾರ ಒಂದು ಕಾಸೂ ಮುಟ್ಟಿದವನಲ್ಲ. ಒಂದು ಸಂಜೆ ಲಾರಿ ಗೇಟಿಗೆ ಬಂದು ನಿಂತಿದೆ, ಮೇಲಿನವರು "ಬರೆದುಬಿಡಪ್ಪಾ, ನಾನಿದ್ದೇನಲ್ಲ" ಅಂದರು, ಇವನು ನೀರೇ ತುಂಬಿಸದೆ ರಿಪೋರ್ಟ್ ಬರೆದು ಸಹಿ ಹಾಕಿದ. ಆಮೇಲೆ ಅದೇ ಟ್ಯಾಂಕಿನ ಜೋಡಣೆ ಬಿಟ್ಟುಕೊಂಡು, ಪಕ್ಕದಲ್ಲಿ ನಿಂತಿದ್ದ ಕೆಲಸಗಾರನ ತೋಳಿನ ಮೇಲೆ ಬಿಸಿನೀರು ಚಿಮ್ಮಿತು. ತೋಳು ಪೂರ್ತಿ ಬೆಂದಿತ್ತು. ವಿಚಾರಣೆಯ ದಿನ ನಾನೂ ಆ ಕೋಣೆಯಲ್ಲಿದ್ದೆ. ಮೇಜಿನ ಮೇಲೆ ಆ ರಿಪೋರ್ಟ್. ಮೇಲಿಂದ ಕೆಳಗಿನವರೆಗೆ ಒಂದೇ ಅಂಕಿ, ಒಂದೇ ಪೆನ್ನು, ಒಂದೇ ಉಸಿರಲ್ಲಿ ಬರೆದದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ನಿಜವಾಗಿ ನೋಡಿ ಬರೆದ ಅಂಕಿಗಳು ಹಾಗಿರುವುದಿಲ್ಲ, ಒತ್ತಡ ತೋರಿಸುವ ಮೀಟರಿನ ಮುಳ್ಳು ಅಲ್ಲಲ್ಲಿ ಸ್ವಲ್ಪವಾದರೂ ಆಡಿರುತ್ತದೆ. ಇವನು ತನ್ನ ಸಹಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ. ಆ ಮೇಲಿನವರು ಏನಂದರು ಗೊತ್ತಾ? "ಟೆಸ್ಟ್ ಮಾಡಬೇಡ ಅಂತ ನಾನು ಹೇಳಲಿಲ್ಲವಲ್ಲ." ಅಷ್ಟೇ. ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರುತ್ತೀಯ? ಕೆಲಸ ಹೋದದ್ದು ಹುಡುಗನದ್ದು.

ಪ್ರಾಮಾಣಿಕತೆ ಅಂದರೆ ಲಂಚ ತಿನ್ನದೇ ಇರುವುದು ಅಂತಲೇ ನಾವೆಲ್ಲ ತಿಳಿದುಕೊಂಡಿದ್ದೇವೆ. ಆ ಹುಡುಗ ಏನು ತಿಂದಿದ್ದ ಹೇಳು? ಮೇಲಿನವರ ಮಾತು ಮೀರಬಾರದು ಅಂತ ಸಹಿ ಹಾಕಿದ, ಸಹಾಯ ಮಾಡುತ್ತಿದ್ದೇನೆ ಅಂದುಕೊಂಡ. ಈಗಂತೂ ಎಲ್ಲವೂ ದಾಖಲೆ ನಂಬಿಯೇ ನಡೆಯುವುದು. ಲಿಫ್ಟ್ ಹತ್ತುವವರು ಅದರ ತಂತಿ ನೋಡಿ ಹತ್ತುತ್ತಾರಾ? ಯಾರೋ ನೋಡಿ ಬರೆದಿದ್ದಾರೆ ಅಂತ ಹತ್ತುತ್ತಾರೆ, ಅಲ್ವಾ. ಅದಕ್ಕೇ ಮತ್ತೆ ಹೇಳುತ್ತೇನೆ, ನಿನ್ನ ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕಬೇಡ.

ಇನ್ನೊಂದು ಮಾತು ನನ್ನ ಹೊಟ್ಟೆಯಲ್ಲಿ ಉರಿಯುತ್ತಲೇ ಇದೆ. ನಾವು ಒಂದಿಬ್ಬರು ಹಠ ಹಿಡಿದು ಟೆಸ್ಟ್ ಪೂರ್ತಿ ಮಾಡಿಯೇ ಸಹಿ ಹಾಕುತ್ತಿದ್ದೆವು. ನಮಗೆ ಸಿಕ್ಕ ಹೆಸರು ಏನು? ತಗಾದೆಯವರು, ನಿಧಾನದವರು. ಪ್ರಮೋಷನ್ ಬಂದಾಗ ಬೇಗ ಬೇಗ ಬರೆದುಕೊಟ್ಟವರೇ ಮುಂದೆ ಹೋದರು. ಇದು ಎಲ್ಲ ಕಡೆಯ ಹಣೆಬರಹ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೆದ್ದ 73 ಸೆಕೆಂಡಿಗೆ ಚೂರಾಗಿ 7 ಜನ ಸತ್ತರಲ್ಲ, ಅದರ ಹಿಂದಿನ ರಾತ್ರಿ ರಾಕೆಟ್ ತಯಾರಿಸಿದ ಕಂಪನಿಯ ಅಲನ್ ಮೆಕ್‌ಡೊನಾಲ್ಡ್ ಅನ್ನುವ ಎಂಜಿನಿಯರ್ ಹಾರಿಸುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ ಅಂದಿದ್ದರು. ಚಳಿಗೆ ಜೋಡಣೆಯ ರಬ್ಬರ್ ಉಂಗುರ ಗಟ್ಟಿಯಾಗುತ್ತದೆ ಅನ್ನುವ ಭಯ ಅವರ ಕಡೆಯವರಿಗೆ ಇತ್ತು. ಅವರ ಮೇಲಿನವರು ಸಹಿ ಹಾಕಿದರು. ಆಮೇಲೆ ವಿಚಾರಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಕಂಪನಿ ಮೂಲೆಗೆ ತಳ್ಳಿದ್ದು ಮೆಕ್‌ಡೊನಾಲ್ಡ್ ಅವರನ್ನೇ. ಅಲ್ಲಿನ ಸಂಸತ್ತಿನವರು ಗಲಾಟೆ ಮಾಡಿದ ಮೇಲೆ ಇವರ ಸ್ಥಾನ ವಾಪಸ್ ಬಂತು, ಆ ಜೋಡಣೆಯನ್ನು ಹೊಸದಾಗಿ ಮಾಡುವ ಕೆಲಸವೂ ಇವರ ಕೈಗೇ ಬಂತು. ನಮ್ಮ ಪರ ಯಾವ ಸಂಸತ್ತೂ ಮಾತಾಡಲಿಲ್ಲ. ಇರಲಿ.

ಅಯ್ಯೋ, ನೀನು ಕೇಳಿದ್ದು ಏನು ಮಾಡಲಿ ಅಂತ, ನಾನು ಎಲ್ಲೆಲ್ಲೋ ಹೋದೆ. ಜಗಳ ಆಡಬೇಡ. ಮ್ಯಾನೇಜರ್‌ಗೆ ಒಂದು ಮೇಲ್ ಹಾಕು: ಈ ಯಂತ್ರದ ತಪಾಸಣೆ ಕಳೆದ ತಿಂಗಳು ಆಗಿಲ್ಲ, ಇವತ್ತು ಮಾಡಿ ಇವತ್ತಿನ ತಾರೀಕು ಹಾಕುತ್ತೇನೆ, ಬೇರೆ ರೀತಿ ಆಗಬೇಕಿದ್ದರೆ ಬರವಣಿಗೆಯಲ್ಲಿ ತಿಳಿಸಿ ಅಂತ. ಬರವಣಿಗೆಯಲ್ಲಿ ಕೇಳಿದರೆ ಮುಕ್ಕಾಲು ಜನ ಸುಮ್ಮನಾಗುತ್ತಾರೆ. ಬರೆದೇ ಕಳಿಸಿದರೂ ನೀನು ಹಳೆಯ ತಾರೀಕು ಹಾಕಬೇಡ, ಅದನ್ನು ಅವರ ಮೇಲಿನವರಿಗೋ ಕ್ವಾಲಿಟಿಯವರಿಗೋ ತೋರಿಸು. ತಪಾಸಣೆ ಮಾಡಿದ ಮೇಲೆ ರಿಜಿಸ್ಟರ್‌ನಲ್ಲಿ ತಡವಾಗಿ ಮಾಡಿದ್ದು ಅಂತ ಕಾರಣ ಸಮೇತ ಬರಿ. ಏನಾದರೂ ತಪ್ಪು ಬರೆದರೆ ಬಿಳಿ ಹಚ್ಚಬೇಡ, ಹಳೆಯದು ಓದುವ ಹಾಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಣ್ಣ ಸಹಿ, ತಾರೀಕು ಹಾಕು. ತಡವಾಗಿದೆ ಅಂತ ಆಡಿಟ್‌ನವರು ಒಂದು ಮಾತು ಬರೆಯಬಹುದು, ಅದಕ್ಕೆ ಉತ್ತರ ಕೊಡಬಹುದು. ಮೇಲ್ ಕಳಿಸುವ ಮುಂಚೆ ನನಗೆ ಒಮ್ಮೆ ತೋರಿಸು, ನಾನು ಎದ್ದೇ ಇರುತ್ತೇನೆ.