ಕರಿಮೆಣಸಿನ ತೊಟ್ಟೆ ಗಿಡ: ಮಣ್ಣು ಒದ್ದೆ, ಎಲೆ ಮಾತ್ರ ಬಾಡುತ್ತಿದೆ

ಬೇಳ_ತೋಟ:
ಪಣಿಯೂರು-1 ತಳಿ, ನೆಲದಲ್ಲಿ ಹಬ್ಬಿದ ಬಳ್ಳಿಯ ಮೂರು ಗೆಣ್ಣಿನ ತುಂಡುಗಳು. ಫೆಬ್ರವರಿ ಕೊನೆಗೆ 300 ತೊಟ್ಟೆಗೆ (ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲ) ಊರಿದ್ದು. ಶೇಡ್ ನೆಟ್ಟಿನಡಿ ಪ್ಲಾಸ್ಟಿಕ್ ಗೂಡು ಇತ್ತು. ಮೊನ್ನೆ ಬೆಳಿಗ್ಗೆ ಪ್ಲಾಸ್ಟಿಕ್ ತೆಗೆದೆ, ಮಧ್ಯಾಹ್ನಕ್ಕೆ ನೂರರಷ್ಟು ಗಿಡಗಳ ಚಿಗುರೆಲೆ ಜೋತುಬಿತ್ತು. ದಿನಕ್ಕೆ ಎರಡು ಹೊತ್ತು ನೀರು ಕೊಡ್ತಿದ್ದೇನೆ. ಮೂರು ಹೊತ್ತು ಮಾಡಬೇಕಾ?

ಸಸ್ಯ_ಮಾಷ್ಟ್ರು:
ಬೇಡ. ನೀರು ಹೆಚ್ಚಿಸಿದರೆ ಉಳಿದ ಗಿಡವೂ ಹೋಗುತ್ತದೆ.

ಮೆಣಸಿನೆಲೆಯ ಪತ್ರರಂಧ್ರಗಳು, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳು, ಇರುವುದು ಅಡಿಭಾಗದಲ್ಲಿ. ಒಂದೊಂದು ರಂಧ್ರಕ್ಕೂ ಎರಡು ಕಾವಲು ಕೋಶ. ಅವುಗಳೊಳಗೆ ಪೊಟ್ಯಾಸಿಯಂ ತುಂಬಿದರೆ ನೀರು ಹಿಂದೆಯೇ ನುಗ್ಗಿ, ಕೋಶ ಉಬ್ಬಿ ಬಾಗುತ್ತದೆ, ಬಾಯಿ ತೆರೆಯುತ್ತದೆ. ನೀರಿನ ಕೊರತೆಯಾದಾಗ ಅಬ್ಸಿಸಿಕ್ ಆಮ್ಲ ಎಂಬ ಸಸ್ಯ ಹಾರ್ಮೋನು ಸೂಚನೆ ಕೊಟ್ಟು ಪೊಟ್ಯಾಸಿಯಂ ಹೊರಹೋಗುತ್ತದೆ, ಬಾಯಿ ಮುಚ್ಚುತ್ತದೆ. ಇಂಗಾಲದ ಡೈಆಕ್ಸೈಡ್ ಒಳಬರುವುದೂ ನೀರಾವಿ ಹೊರಹೋಗುವುದೂ ಒಂದೇ ಬಾಗಿಲಲ್ಲಿ. ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯಲಿಕ್ಕಾಗದು.

ಗೂಡಿನೊಳಗೆ ಬೆಳೆದ ಎಲೆಗೆ ಮೇಣದ ಪೊರೆ ತೆಳು, ರಂಧ್ರ ಮುಚ್ಚುವ ಅಭ್ಯಾಸವೂ ಕಡಿಮೆ. ಲೆಕ್ಕ ನೋಡಿ: 32 ಡಿಗ್ರಿಯಲ್ಲಿ ಗಾಳಿ ಹಿಡಿದುಕೊಳ್ಳಬಲ್ಲ ಆವಿಯ ಒತ್ತಡ ಸುಮಾರು 4.76 ಕಿಲೋಪಾಸ್ಕಲ್. ಗೂಡಿನಲ್ಲಿ ತೇವಾಂಶ 90% ಇದ್ದರೆ ಅದು ತುಂಬಲು ಇರುವ ಕೊರತೆ 0.48. ಹೊರಗೆ 55% ಇದ್ದರೆ 2.14. ಅಂದರೆ ಎಲೆಯಿಂದ ನೀರು ಸೆಳೆಯುವ ಬಲ ಒಂದೇ ಬೆಳಿಗ್ಗೆಯಲ್ಲಿ ನಾಲ್ಕೂವರೆ ಪಟ್ಟು. ನಾಲ್ಕು ಎಳೆ ಬೇರಿಗೆ ಅಷ್ಟು ಪೂರೈಸಲು ಸಾಧ್ಯವಾ?

ಪೆರ್ಲ_ಕೃಷಿಕ:
ಮಾಷ್ಟ್ರು ಹೇಳಿದ್ದು ಸರಿ, ಆದರೆ ನೂರೂ ಗಿಡಕ್ಕೆ ಅದೇ ಕಾರಣ ಅಂತ ಹೇಳಲಿಕ್ಕಾಗದು. ಅಣ್ಣ, ನಾಳೆ ಬೆಳಿಗ್ಗೆ ಆರು ಗಂಟೆಗೆ ಹೋಗಿ ನೋಡಿ. ಸೆಟೆದು ನಿಂತದ್ದು ಒಂದು ಕಡೆ, ಆಗಲೂ ಜೋತಿದ್ದದ್ದು ಇನ್ನೊಂದು ಕಡೆ ಇಡಿ. ಎರಡನೇ ಗುಂಪಿನ ಒಂದು ತೊಟ್ಟೆ ಹರಿದು ಬೇರು ನೋಡಿ.

ಬೇಳ_ತೋಟ:
ನೋಡಿದೆ. 70 ಸರಿಯಾಗಿವೆ, 30 ಹಾಗೇ ಇವೆ. ಹರಿದ ತೊಟ್ಟೆಯ ಬೇರು ಕಂದು, ಎಳೆದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಗೆ ಬರ್ತದೆ. ಮಣ್ಣು ಕೆಸರು ವಾಸನೆ.

ಪೆರ್ಲ_ಕೃಷಿಕ:
ಹಾಗಾದರೆ ಆ 30 ಬೇರು ಕೊಳೆತದ್ದು. ನೀರಿನ ನಡುವೆಯೇ ಬಾಯಾರಿಕೆ. ಮಣ್ಣಿನ ಸಂದಿಯಲ್ಲೆಲ್ಲ ನೀರು ನಿಂತರೆ ಬೇರಿಗೆ ಆಮ್ಲಜನಕ ಸಿಗದು, ಉಸಿರಾಟ ಕುಗ್ಗಿದ ಬೇರು ನೀರನ್ನೂ ಎಳೆಯುವುದಿಲ್ಲ, ಆಮೇಲೆ ಶಿಲೀಂಧ್ರ ಹತ್ತುತ್ತದೆ. ಅವನ್ನು ಮಣ್ಣು ಸಮೇತ ದೂರ ಹಾಕಿ, ಆ ಮಣ್ಣು ಮತ್ತೆ ಬಳಸಬೇಡಿ. ಉಳಿದವುಗಳ ಬುಡಕ್ಕೆ ಶಿಲೀಂಧ್ರನಾಶಕ ಕಾಪರ್ ಆಕ್ಸಿಕ್ಲೋರೈಡ್, ಲೀಟರ್ ನೀರಿಗೆ 2 ಗ್ರಾಂ. ತೊಟ್ಟೆಯ ಅಡಿಯ ತೂತು ಮುಚ್ಚಿದೆಯಾ ನೋಡಿ. ಮುಂದಿನ ಸಲ ಮಣ್ಣು, ಮರಳು, ಸೆಗಣಿ ಗೊಬ್ಬರ 2:1:1. ನಮ್ಮ ಕೆಂಪು ಮಣ್ಣೊಂದನ್ನೇ ತುಂಬಿಸಿದರೆ ನೀರು ಬಿದ್ದಂತೆ ಗಟ್ಟಿಯಾಗಿ ಕೂರುತ್ತದೆ.

ನೀರಿಗೆ ಹೊತ್ತಿನ ಲೆಕ್ಕ ಬಿಡಿ. ತೊಟ್ಟೆ ಎತ್ತಿ ನೋಡಿ, ಹಗುರ ಅನಿಸಿದರೆ ಮಾತ್ರ ಕೊಡಿ.

ಸಸ್ಯ_ಮಾಷ್ಟ್ರು:
70ಕ್ಕೆ ಇವತ್ತೇ ಪ್ಲಾಸ್ಟಿಕ್ ವಾಪಸ್ ಹಾಕಿ. ಗೂಡಿಗೆ ನೇರ ಬಿಸಿಲು ಬೀಳಬಾರದು, ಬಿದ್ದರೆ ಒಳಗೆ ಬೇಯುತ್ತವೆ. ಮೊದಲ ಮೂರು ದಿನ ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಮಾತ್ರ ತೆರೆಯಿರಿ. ಆಮೇಲೆ ಮೂರು ದಿನ ಹತ್ತರವರೆಗೆ, ಮತ್ತೆ ಹಗಲಲ್ಲೂ ಒಂದು ಬದಿ ಎತ್ತಿಡಿ. ಹತ್ತು-ಹನ್ನೆರಡು ದಿನಕ್ಕೆ ಪೂರ್ತಿ ತೆಗೆಯಬಹುದು. ಈಗಿನ ಎಲೆ ಅಷ್ಟೇನೂ ಸುಧಾರಿಸದು. ಹೊರಗಾಳಿಯಲ್ಲಿ ಬಿಚ್ಚುವ ಹೊಸ ಎಲೆಯೇ ಗಟ್ಟಿ.

ಮಧ್ಯಾಹ್ನ ಎಲೆ ಬಾಡಿದಾಗ ಮಂಜಿನಂತೆ ತುಸು ನೀರು ಸಿಂಪಡಿಸಿದರೆ ಎಲೆ ತಂಪಾಗುತ್ತದೆ. ಬಿಸಿಲ ಹೊತ್ತಲ್ಲಿ ನೀರು ಬಿದ್ದರೆ ಎಲೆ ಸುಡುತ್ತದೆ ಅನ್ನುವುದು ಸುಳ್ಳು ಹೆದರಿಕೆ. ಸಂಜೆ ಸಿಂಪಡಿಸಬೇಡಿ, ರಾತ್ರಿಯಿಡೀ ಒದ್ದೆ ಎಲೆ ರೋಗಕ್ಕೆ ಕರೆಯೋಲೆ.

ಕುಂಬಳೆ_ಕಡಲಬದಿ:
ಒಂದು ಸೇರಿಸುತ್ತೇನೆ. ಎಲೆಯ ಅಂಚು ಮಾತ್ರ ಸುಟ್ಟಂತೆ ಕಂದಾಗಿದ್ದರೆ ನೀರು ಬಾಯಿಗೆ ಹಾಕಿ ನೋಡಿ. ಏಪ್ರಿಲ್-ಮೇಯಲ್ಲಿ ಹೊಳೆಬದಿಯ ಬಾವಿಗಳಿಗೆ ಉಪ್ಪು ಏರುತ್ತದೆ. ಮಣ್ಣಿನಲ್ಲಿ ಉಪ್ಪು ಹೆಚ್ಚಾದಷ್ಟು ಬೇರಿಗೆ ನೀರು ಎಳೆಯುವುದು ಕಷ್ಟ. ಯೂರಿಯಾ ಜಾಸ್ತಿ ಹಾಕಿದರೂ ಲಕ್ಷಣ ಹೀಗೇ.

ಬೇಳ_ತೋಟ:
ನಮ್ಮದು ಸುರಂಗದ (ಗುಡ್ಡಕ್ಕೆ ಅಡ್ಡಡ್ಡ ಕೊರೆದ ನೀರಿನ ಬಿಲ) ನೀರು, ಸಿಹಿ. ಯೂರಿಯಾ ಹಾಕಿಲ್ಲ. ಪ್ಲಾಸ್ಟಿಕ್ ವಾಪಸ್ ಹಾಕಿ ಆಯ್ತು, ತೂತುಗಳನ್ನು ಕಡ್ಡಿಯಲ್ಲಿ ಚುಚ್ಚಿ ಬಿಡಿಸ್ತಾ ಇದ್ದೇನೆ. ಅರ್ಧಕ್ಕರ್ಧ ಮುಚ್ಚಿಯೇ ಇವೆ.